ತಿಂಡಿ ನೀರಿಗೆ ಬಣ್ಣ ಬಿಟ್ಟರೆ ವಿಷವೇ? ಲ್ಯಾಬ್‌ನಲ್ಲಿ ಪತ್ತೆ ಮಾಡುವುದು ಹೀಗೆ

"ತಿಂಡಿಯ ಚೂರನ್ನು ನೀರಿಗೆ ಹಾಕಿ. ಬಣ್ಣ ಬಿಟ್ಟರೆ ಅದು ವಿಷ. ಎಲ್ಲರಿಗೂ ಕಳಿಸಿ!" ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಕಾಳಜಿ ಸರಿ, ಪರೀಕ್ಷೆ ಮಾತ್ರ ಸರಿಯಿಲ್ಲ.

ಬೀಟ್‌ರೂಟ್ ಕೂಡ ನೀರನ್ನು ಕೆಂಪಾಗಿಸುತ್ತದೆ. ಕಾನೂನು ಒಪ್ಪಿದ ಬಣ್ಣವೂ ಕರಗುತ್ತದೆ, ಬಟ್ಟೆಗೆ ಹಾಕುವ ರೋಡಮೈನ್-ಬಿಯೂ ಕರಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ: ಯಾವ ಬಣ್ಣ, ಎಷ್ಟು?

ಈ ಪ್ರಶ್ನೆ ಏಕೆ ಮುಖ್ಯ?

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಕಂಡುಬಂದಿದ್ದವು. ಟಾರ್ಟ್ರಜೈನ್‌ನಂಥ ಬಣ್ಣಗಳನ್ನು ಕೆಲವು ತಿನಿಸುಗಳಿಗೆ ಮಿತಿಯೊಳಗೆ ಹಾಕಬಹುದು. ರೋಡಮೈನ್-ಬಿ ಯಾವ ಆಹಾರಕ್ಕೂ ಸಲ್ಲದು. ಕಣ್ಣಿಗೆ ಎರಡು ಕೆಂಪು ಒಂದೇ ರೀತಿ ಕಂಡರೂ ಕಾನೂನಿಗೂ ಆರೋಗ್ಯಕ್ಕೂ ಅವು ಬೇರೆ ಬೇರೆ.

ಬಣ್ಣಗಳನ್ನು ಬೇರ್ಪಡಿಸುವುದು ಹೇಗೆ?

ಇದಕ್ಕೆ ಬಳಸುವ ವಿಧಾನವೇ ಕ್ರೊಮ್ಯಾಟೋಗ್ರಫಿ. ಜಾತ್ರೆಗೆ ಒಟ್ಟಿಗೆ ಹೊರಟವರನ್ನು ನೆನೆಸಿಕೊಳ್ಳಿ. ಪ್ರತಿ ಅಂಗಡಿಯಲ್ಲೂ ನಿಲ್ಲುವವರು ಹಿಂದೆ ಬೀಳುತ್ತಾರೆ, ಎಲ್ಲೂ ನಿಲ್ಲದವರು ಮುಂದೆ ಹೋಗುತ್ತಾರೆ. ಕಾಗದದ ಮೇಲೆ ದ್ರಾವಕ ಏರುವಾಗಲೂ ಹೀಗೆಯೇ: ಕಾಗದಕ್ಕೆ ಹೆಚ್ಚು ಅಂಟುವ ಬಣ್ಣ ಕೆಳಗೇ ಉಳಿಯುತ್ತದೆ, ದ್ರಾವಕದ ಜೊತೆ ಸಲೀಸಾಗಿ ಸಾಗುವ ಬಣ್ಣ ಮೇಲೇರುತ್ತದೆ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ 1900ರ ದಶಕದಲ್ಲಿ ಎಲೆಯ ಬಣ್ಣಗಳನ್ನು ಸೀಮೆಸುಣ್ಣದ ಪುಡಿ ತುಂಬಿದ ಕೊಳವೆಯಲ್ಲಿ ಹೀಗೆ ಬಿಡಿಸಿದ್ದರು.

ಲ್ಯಾಬ್‌ನಲ್ಲಿ ತಿಂಡಿಯಿಂದ ತೆಗೆದ ಬಣ್ಣದ ಚುಕ್ಕಿಯ ಪಕ್ಕದಲ್ಲೇ ಗೊತ್ತಿರುವ ಬಣ್ಣಗಳ ಚುಕ್ಕಿಗಳನ್ನೂ ಇಡುತ್ತಾರೆ. ಎರಡೂ ಒಂದೇ ಎತ್ತರಕ್ಕೆ ಏರಿದರೆ ಅದು ಬಲವಾದ ಸುಳಿವು. ಅಷ್ಟಕ್ಕೇ ತೀರ್ಪು ಕೊಡುವಂತಿಲ್ಲ, ಏಕೆಂದರೆ ಎರಡು ಬೇರೆ ಬಣ್ಣಗಳೂ ಒಂದೇ ಎತ್ತರದಲ್ಲಿ ನಿಲ್ಲಬಹುದು. ಖಚಿತಪಡಿಸಲು, ಪ್ರಮಾಣ ಅಳೆಯಲು ಎಚ್‌ಪಿಎಲ್‌ಸಿಯಂಥ ಯಂತ್ರಗಳಿವೆ. ಇವೂ ಇದೇ ತತ್ವದ ಮೇಲೆ ಕೆಲಸ ಮಾಡುತ್ತವೆ.

ಮನೆಯಲ್ಲೇ ನೋಡಿ

ಟಿಶ್ಯೂ ಪೇಪರ್ ಪಟ್ಟಿಯ ತುದಿಯಿಂದ ಎರಡು ಸೆಂಟಿಮೀಟರ್ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಚುಕ್ಕಿ ಇಡಿ. ತುದಿ ಮಾತ್ರ ನೀರಿಗೆ ತಾಗಲಿ, ಚುಕ್ಕಿ ಮುಳುಗಬಾರದು. ಹಲವು ಪೆನ್‌ಗಳ ಕಪ್ಪು ಒಡೆದು ನೀಲಿ, ಗುಲಾಬಿ, ಹಳದಿ ಕಾಣುತ್ತವೆ. ಮಕ್ಕಳಿಗೆ ತೋರಿಸಲು ಒಳ್ಳೆಯ ಪ್ರಯೋಗ. ಆದರೆ ಹೋಲಿಸಲು ಗೊತ್ತಿರುವ ಬಣ್ಣಗಳಿಲ್ಲದೆ ತಿಂಡಿಯನ್ನು ಹೀಗೆ ಪರೀಕ್ಷಿಸಲಾಗದು.

ನಮ್ಮ ಸಲಹೆ: ಕಣ್ಣು ಕುಕ್ಕುವ ಬಣ್ಣದ ತಿಂಡಿ ಬೇಡವೆನಿಸಿದರೆ ಬಿಡಿ. ಅನುಮಾನವಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಬಣ್ಣದ ಹೆಸರು, ಪ್ರಮಾಣ ಎರಡೂ ಇಲ್ಲದ ವಿಡಿಯೋವನ್ನು ಮಾತ್ರ ಮುಂದಕ್ಕೆ ಕಳಿಸಬೇಡಿ.