ಶುಗರ್ ಎಷ್ಟು ಎಂದು ಕೇಳುತ್ತೇವೆ, ಮನಸ್ಸು ಹೇಗಿದೆ ಎಂದು ಕೇಳುವುದಿಲ್ಲ

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ನಮ್ಮ ಮನೆಯಲ್ಲಿ ದಾದಿಗೆ ಇದೆ. ಅವರ ಆಸ್ಪತ್ರೆ ಫೈಲಿನಲ್ಲಿ ಊಟಕ್ಕೆ ಮೊದಲಿನ ಶುಗರ್, ಊಟದ ನಂತರದ ಶುಗರ್, ಬಿ.ಪಿ., ತೂಕ, ಸುಮಾರು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಎಲ್ಲವೂ ಇವೆ. ಅವರು ಯಾವ ಮನಸ್ಥಿತಿಯಲ್ಲಿದ್ದಾರೆ ಎಂಬುದು ಮಾತ್ರ ಎಲ್ಲಿಯೂ ಬರೆದಿಲ್ಲ.

ಮನಸ್ಸನ್ನು ಅಳೆಯಲು ಆಗುತ್ತದೆಯೇ ಎಂದು ಕೇಳಬಹುದು. ಆಗುತ್ತದೆ. 1998ರಿಂದ ಬಳಕೆಯಲ್ಲಿರುವ ‘ಡಬ್ಲ್ಯುಎಚ್‌ಒ-5’ ಎಂಬ ಪ್ರಶ್ನಾವಳಿಯಲ್ಲಿ ಐದೇ ವಿಷಯಗಳಿವೆ. ಕಳೆದ ಎರಡು ವಾರಗಳಲ್ಲಿ ಖುಷಿಯಾಗಿದ್ದಿರಾ? ನೆಮ್ಮದಿಯಾಗಿದ್ದಿರಾ? ಚಟುವಟಿಕೆಯಿಂದ ಇದ್ದಿರಾ? ಬೆಳಿಗ್ಗೆ ಏಳುವಾಗ ದಣಿವು ಆರಿರುತ್ತಿತ್ತಾ? ದಿನನಿತ್ಯದ ಬದುಕಿನಲ್ಲಿ ಆಸಕ್ತಿ ಇತ್ತಾ? ‘ಯಾವಾಗಲೂ’ ಎಂದರೆ 5 ಅಂಕ, ‘ಒಮ್ಮೆಯೂ ಇಲ್ಲ’ ಎಂದರೆ 0. ಒಟ್ಟು 25. ಬಂದ ಅಂಕವನ್ನು 4ರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಎಂದು ಸಿಗುತ್ತದೆ. 50ಕ್ಕಿಂತ ಕಡಿಮೆ ಇದ್ದರೆ ಡಾಕ್ಟರ್ ಇನ್ನಷ್ಟು ವಿಚಾರಿಸಬೇಕು. ಅದೊಂದರಿಂದಲೇ ಖಿನ್ನತೆ ಎಂದು ತೀರ್ಮಾನಿಸುವಂತಿಲ್ಲ.

ಸಕ್ಕರೆ ಕಾಯಿಲೆಯಿಂದಲೇ ಬರುವ ಚಿಂತೆಗಳಿಗೆ ‘ಪೇಯ್ಡ್’ ಎಂಬ 20 ಪ್ರಶ್ನೆಗಳ ಬೇರೆ ಪಟ್ಟಿ ಇದೆ. ಪಥ್ಯ ತಪ್ಪಿದಾಗ ಕಾಡುವ ಅಪರಾಧ ಭಾವ, ಮುಂದೆ ಏನಾಗುವುದೋ ಎಂಬ ಭಯ, ಒಂಟಿತನ ಎಲ್ಲವನ್ನೂ ಅದು ಕೇಳುತ್ತದೆ.

ಇಷ್ಟೆಲ್ಲ ಏಕೆ, ‘ಹೇಗಿದ್ದೀರಿ’ ಎಂದರೆ ಸಾಲದೇ? ಸಾಲದು. ಹಾಗೆ ಕೇಳಿದರೆ ದಾದಿ ‘ಅಲ್ಲಾಹ್ ಕಾ ಶುಕ್ರ್ ಹೈ’ ಎನ್ನುತ್ತಾರೆ. ಅದು ದೇವರಿಗೆ ಹೇಳಿದ ಮಾತು, ಡಾಕ್ಟರಿಗೆ ಕೊಟ್ಟ ಉತ್ತರವಲ್ಲ. ಒಂದು ರಮ್ಜಾನ್‌ನಲ್ಲಿ ಡಾಕ್ಟರ್ ಅವರಿಗೆ ರೋಜಾ ಬೇಡ ಎಂದರು. ಕಾಯಿಲೆಯವರಿಗೆ ದೀನ್‌ನಲ್ಲಿ ರಿಯಾಯಿತಿ ಇದೆ ಎಂದು ದಾದಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೂ ಇಫ್ತಾರ್‌ಗೆ ನಮ್ಮ ಜೊತೆ ಕೂರಲು ಒಪ್ಪಲಿಲ್ಲ. ಮಾತ್ರೆಯನ್ನೂ ಸರಿಯಾಗಿ ತೆಗೆದುಕೊಳ್ಳಲಿಲ್ಲ. ಶುಗರ್ ಏರಿತು. ಮುಂದಿನ ಸಲ ಮಾತ್ರೆ ಹೆಚ್ಚಾಯಿತು. ಕಾರಣವನ್ನು ಯಾರೂ ಕೇಳಲಿಲ್ಲ.

ಹಣದಲ್ಲಿ ಅಳೆಯಲಾಗದ್ದು ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ ಎಂದು ಅಕೌಂಟೆನ್ಸಿಯಲ್ಲಿ ಓದುತ್ತೇವೆ. ಕೆಲಸಗಾರರು ಎಷ್ಟೇ ಬೇಸತ್ತಿದ್ದರೂ ಬ್ಯಾಲೆನ್ಸ್ ಶೀಟ್‌ನಲ್ಲಿ ಅದು ಕಾಣುವುದಿಲ್ಲ. ವ್ಯಾಪಾರಕ್ಕೆ ಆ ನಿಯಮ ಇರಲಿ, ರೋಗಿಯ ಫೈಲಿಗೆ ಬೇಡ.

ಡಾಕ್ಟರಿಗೆ ಸಮಯವಿಲ್ಲ, ಹೊರಗೆ ಉದ್ದ ಸಾಲಿರುತ್ತದೆ ಎನ್ನುವುದು ನಿಜ. ಆದರೆ ತೂಕ ನೋಡುವ ನರ್ಸ್ ಐದು ಪ್ರಶ್ನೆ ಕೇಳಲು ಕೆಲವೇ ನಿಮಿಷ ಸಾಕು. ಎರಡು ವಿಷಯ ಮಾತ್ರ ಮುಖ್ಯ. ರೋಗಿಯ ಮನೆಮಾತಿನಲ್ಲಿ ಕೇಳಬೇಕು, ಮನೆಯವರನ್ನು ಹೊರಗೆ ಕೂರಿಸಿ ಕೇಳಬೇಕು. ದಾದಿಗೆ ಕನ್ನಡ ಅಷ್ಟಾಗಿ ಬಾರದು, ಆಸ್ಪತ್ರೆಯಲ್ಲಿ ಅವರ ಪರವಾಗಿ ನಾವೇ ಮಾತಾಡುತ್ತೇವೆ. ‘ಮನೆಯಲ್ಲಿ ನನ್ನ ಕಷ್ಟ ಯಾರಿಗೂ ಅರ್ಥವಾಗುವುದಿಲ್ಲ’ ಎಂಬ ಮಾತನ್ನು ಯಾವ ದಾದಿ ತಾನೇ ಮೊಮ್ಮಕ್ಕಳ ಬಾಯಿಂದ ಡಾಕ್ಟರಿಗೆ ಹೇಳಿಸಿಯಾರು?

ನಮ್ಮ ಕಾಲೇಜಿನಲ್ಲಿ ಶುಗರ್ ತಪಾಸಣಾ ಶಿಬಿರ ನಡೆಸಿದರೆ ಈ ಐದು ಪ್ರಶ್ನೆಗಳ ಹಾಳೆಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಇಡಬೇಕೆಂದು ಪ್ರಾಂಶುಪಾಲರಲ್ಲಿ ನನ್ನ ವಿನಂತಿ. ಓದಿ ಹೇಳಲು, ಬರೆದುಕೊಳ್ಳಲು ನಾವು ವಿದ್ಯಾರ್ಥಿಗಳು ಇದ್ದೇವೆ. ಅಂಕ ಕಡಿಮೆ ಬಂದವರಿಗೆ ತಮ್ಮ ಡಾಕ್ಟರಿಗೆ ತೋರಿಸಲು ಹೇಳೋಣ, ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ರ ಸಂಖ್ಯೆಯನ್ನೂ ಬರೆದುಕೊಡೋಣ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ