ಎಲುಬು ಕೂಡಿತು, ತುಟಿ?

ನಮ್ಮ ಮನೆಯ ಹುಡುಗ ಗಂಜಿ ಉಣ್ಣುತ್ತಿದ್ದ. ಕೆಳತುಟಿಯ ಬಲಗಡೆಯಿಂದ ತೆಳಿ ಇಳಿದು ಗದ್ದದ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಅವನಿಗೆ ಗೊತ್ತೇ ಆಗಲಿಲ್ಲ. "ಒರ್ಸ್ಕೋ ಮಗಾ" ಎಂದು ಅಮ್ಮ ಹೇಳಿದರೆ ಎಡಗಡೆ ಒರೆಸಿಕೊಂಡ. ಬೈಕಿನಿಂದ ಬಿದ್ದು ದವಡೆ ಮುರಿದು ಎರಡು ತಿಂಗಳಾಗಿತ್ತು. ಪ್ಲೇಟ್ ಹಾಕಿದ್ದರು, ಹಲ್ಲಿಗೆ ಹಲ್ಲು ಸರಿಯಾಗಿ ಕೂರುತ್ತಿತ್ತು. ತುಟಿ ಜೋಮು ಹಿಡಿದಿದೆ ಎಂದು ಅವನು ಬಿದ್ದ ದಿನವೇ ಹೇಳಿದ್ದ. "ಜೀವ ಉಳಿದದ್ದೇ ದೊಡ್ಡದು" ಎಂದು ಅವನ ಬಾಯಿ ಮುಚ್ಚಿಸಿದವರು ನಾವು, ಮನೆಯವರೇ.

ಆ ಮಾತನ್ನು ಇನ್ನು ಯಾರೂ ಆಡಬೇಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಕೆಳದವಡೆಯ ಎಲುಬಿನೊಳಗೆ ಒಂದು ಓಣಿ ಇದೆ. ಅದರಲ್ಲಿ ಸಾಗುವ ನರ, ದವಡೆಹಲ್ಲುಗಳ ಬುಡ ದಾಟಿ ಸಣ್ಣ ಕಿಂಡಿಯಿಂದ ಹೊರಬಂದು ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುತ್ತದೆ. ಎಲುಬು ಆ ದಾರಿಯಲ್ಲೇ ಮುರಿದರೆ ನರ ಜಗ್ಗಬಹುದು, ಜಜ್ಜಿಹೋಗಬಹುದು, ಕೆಲವೊಮ್ಮೆ ತುಂಡಾಗುತ್ತದೆ. ಮುರಿದ ದವಡೆ ಕೂಡಿಸಲು ಹಿಂದೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ವಾರಗಟ್ಟಲೆ ಬಾಯಿ ಕಟ್ಟಿಡುತ್ತಿದ್ದರು. 1970ರ ದಶಕದಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಶಸ್ತ್ರವೈದ್ಯ ಮ್ಯಾಕ್ಸಿಮ್ ಶಾಂಪಿ ಮತ್ತು ಜೊತೆಗಾರರು ಬೇರೆ ದಾರಿ ತೋರಿಸಿದರು. ಅಗಿಯುವಾಗ ದವಡೆಯ ಯಾವ ಗೆರೆಯಲ್ಲಿ ಎಳೆತ ಬೀಳುತ್ತದೋ ಅಲ್ಲಿ ಸಣ್ಣದೊಂದು ಪ್ಲೇಟ್, ಎಲುಬಿನ ಹೊರಪದರವನ್ನಷ್ಟೇ ಕಚ್ಚುವ ಗಿಡ್ಡ ಸ್ಕ್ರೂ. ಬಾಯೊಳಗಿಂದಲೇ ಕೂರಿಸಬಹುದು. ಸ್ಕ್ರೂ ಆಳಕ್ಕೆ ಇಳಿಯದ ಕಾರಣ ನರದ ಓಣಿಯನ್ನು ತಪ್ಪಿಸಿ ಹೋಗಲು ಜಾಗ ಸಿಗುತ್ತದೆ. ಆದರೂ ಕಿಂಡಿಯ ಹತ್ತಿರ ನರವನ್ನು ಕಣ್ಣಾರೆ ಕಂಡು, ನವಿರಾಗಿ ಬಿಡಿಸಿ, ಎಳೆಯದೆ ಕಾಯುವ ತಾಳ್ಮೆ ಯಾವ ಪ್ಲೇಟಿನಿಂದಲೂ ಬರುವುದಿಲ್ಲ. ಅದು ಕೈಯಿಂದ ಬರಬೇಕು.

ಡಾಕ್ಟ್ರೇ, ಕೈಮುಗಿದು ಕೇಳುತ್ತೇನೆ. ಆಪರೇಷನ್ನಿಗೆ ಮೊದಲು ಗಾಯಾಳುವಿನ ಕಣ್ಣು ಮುಚ್ಚಿಸಿ ಎರಡೂ ಕಡೆಯ ತುಟಿಗೆ ಹತ್ತಿಯ ಎಳೆ ಸೋಕಿಸಿ. ಕಂಡದ್ದನ್ನು ಬರೆದಿಡಿ, ಪ್ರತಿ ಭೇಟಿಯಲ್ಲೂ ಮತ್ತೆ ನೋಡಿ. ಜೋಮು ಪೆಟ್ಟಿನಿಂದ ಬಂತೋ ಆಮೇಲೆ ಬಂತೋ, ಕಡಿಮೆಯಾಗುತ್ತಿದೆಯೋ ಇಲ್ಲವೋ, ಬೇರೆ ಹೇಗೆ ತಿಳಿಯಬೇಕು? ನರ ಚಿಗುರುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ತಿಂಗಳುಗಳೇ ಹಿಡಿಯಬಹುದು ಎಂಬುದನ್ನು ಅವನ ಭಾಷೆಯಲ್ಲೇ ಹೇಳಿ. ನಮ್ಮ ಹುಡುಗ ಅಷ್ಟು ದಿನ ಒಬ್ಬನೇ ಹೆದರಿಕೊಂಡಿದ್ದ. ಚಾ ಕುಡಿದು ತುಟಿ ಸುಟ್ಟರೂ ತಿಳಿಯದೆ, ಕನ್ನಡಿಯಲ್ಲಿ ಬೊಬ್ಬೆ ಕಂಡು ಅತ್ತದ್ದನ್ನು ನಾನು ನೋಡಿದ್ದೇನೆ.

ಮನೆಯವರೇ, ಗದ್ದ ಒಡೆದ ಮಗುವಿಗೆ ನಾಲ್ಕು ಹೊಲಿಗೆ ಹಾಕಿಸಿ ಮನೆಗೆ ಕರೆತರಬೇಡಿ. ಗದ್ದಕ್ಕೆ ಬಿದ್ದ ಪೆಟ್ಟಿಗೆ ಕಿವಿಯ ಮುಂದಿನ ಕೀಲು ಮುರಿದಿರಬಹುದು. ಅದು ಕಣ್ಣು ತಪ್ಪಿಹೋದರೆ ಬಾಯಿ ತೆರೆಯದಂತಾಗಬಹುದು, ದವಡೆಯ ಬೆಳವಣಿಗೆಯೇ ಕುಂಠಿತವಾಗಬಹುದು. ಹಲ್ಲು ಕಚ್ಚಿದರೆ ಮೊದಲಿನ ಹಾಗೆ ಕೂರುತ್ತದೆಯೇ, ತುಟಿ ಜೋಮೇ, ಕೇಳಿ. ಎಕ್ಸ್‌ರೇ ತೆಗೆಸಿ. ನಮ್ಮ ಕಡೆಯ ಬ್ರಹ್ಮಾವರದಿಂದ ಮಣಿಪಾಲ ಅರ್ಧ ಗಂಟೆ; ಅಲ್ಲಿ 1965ರಿಂದಲೇ ದಂತ ವೈದ್ಯಕೀಯ ಕಾಲೇಜಿದೆ. ದುಡ್ಡಿಲ್ಲವೆಂದು ಅರಸಿನ ಹಚ್ಚಿ ದಿನ ಕಳೆಯಬೇಡಿ. ರಸ್ತೆ ಅಪಘಾತದ ಗಾಯಾಳುವಿಗೆ 7 ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಬಂದಿದೆ. ಆಸ್ಪತ್ರೆಯಲ್ಲಿ ಅದನ್ನೂ ಕೇಳಿ.

ಇನ್ನು ನಮ್ಮ ರಾಷ್ಟ್ರೀಯ ಹೆದ್ದಾರಿ 66. ಶಿರೂರಿನಿಂದ ಬೈಂದೂರು, ತ್ರಾಸಿ, ಕುಂದಾಪುರ, ಕೋಟ ದಾಟಿ ಬ್ರಹ್ಮಾವರದವರೆಗೆ ನಮ್ಮ ಮಕ್ಕಳು ಇದೇ ರಸ್ತೆಯಲ್ಲಿ ಓಡಾಡಬೇಕು. ಯಕ್ಷಗಾನದ ಆಟ ಮುಗಿಸಿ ನಸುಕಿಗೆ ಮನೆಗೆ ಹೊರಡುವ ಮೇಳದ ಕಲಾವಿದರು, ಮೀನಿನ ದಕ್ಕೆಗೆ ಹೋಗುವ ಗಂಗೊಳ್ಳಿಯ ಹುಡುಗರು, ಕಾಲೇಜಿನ ಮಕ್ಕಳು, ಎಲ್ಲರೂ. ತಲೆಯ ಮೇಲೆ ಟೊಪ್ಪಿಯಂತೆ ಕೂರುವ ಅರ್ಧ ಹೆಲ್ಮೆಟ್ ಪೊಲೀಸರ ಕಣ್ಣಿಗೆ ಸಾಕಾದೀತು, ಗದ್ದವನ್ನು ಕಾಯುವುದಿಲ್ಲ. ಗದ್ದ ಮುಚ್ಚುವ ಪೂರ್ತಿ ಹೆಲ್ಮೆಟ್ ಕೊಡಿಸಿ. ನಾಳೆ ಬೆಳಿಗ್ಗೆ ನಿಮ್ಮ ಹುಡುಗ ಬೈಕ್ ಸ್ಟಾರ್ಟ್ ಮಾಡಿದಾಗ ಅಂಗಳಕ್ಕೆ ಇಳಿದು ಹೋಗಿ, ಗದ್ದದ ಕೆಳಗಿನ ಪಟ್ಟಿಯನ್ನು ನೀವೇ ಕೈಯಾರೆ ಎಳೆದು ನೋಡಿ.