ಚಾವಡಿ ಹೊಸದು, ದಫ್ತರ ಹಳೆಯದು



ಈ ಸಲ ಮಕ್ಕಳ ಓದಿನ ಮಾತನ್ನಾಗಲಿ, ಹಬ್ಬದ ಅಡುಗೆಯ ಮಾತನ್ನಾಗಲಿ ಎತ್ತಿಕೊಳ್ಳುವುದಿಲ್ಲ. ನನ್ನ ಕಸುಬಿನಲ್ಲಿ ನಡೆದ ಒಂದು ಪೇಚಿನ ಪ್ರಸಂಗವನ್ನು ನಿಮ್ಮ ಮುಂದಿಡುತ್ತೇನೆ. ತಪ್ಪು ನನ್ನದೇ ಆದುದರಿಂದ ಹೇಳಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ನಾನಿರುವುದು ವಿಶಾಖಪಟ್ಟಣದಲ್ಲಿ. ನಮ್ಮ ಕಚೇರಿಯ ಇನ್ನೊಂದು ಶಾಖೆ ವಿಜಯವಾಡದಲ್ಲಿದೆ. ಎರಡೂ ಕಡೆ ಸೇರಿ ನಾನೂರು ಚಿಲ್ಲರೆ ಗಣಕಯಂತ್ರಗಳು. ಇವಿಷ್ಟನ್ನೂ ನೋಡಿಕೊಳ್ಳುವುದಕ್ಕೆ ಒಂದು ಯಜಮಾನ ಯಂತ್ರವುಂಟು. ಅದನ್ನು ಸರ್ವರ್ ಎನ್ನುತ್ತಾರೆ. ಹಿಂದಿನ ಕಾಲದ ಹಳ್ಳಿಯ ಶಾನುಭೋಗರನ್ನು ನೆನೆಸಿಕೊಳ್ಳಿ. ಯಾವ ಜಮೀನು ಯಾರದು, ಕಂದಾಯ ಸಂದಿದೆಯೇ ಬಾಕಿಯೇ, ಎಲ್ಲವೂ ಅವರ ದಫ್ತರದಲ್ಲಿ. ಹಾಗೆಯೇ ಯಾವ ಯಂತ್ರ ಯಾವ ಮೇಜಿನ ಮೇಲಿದೆ, ಅದರಲ್ಲಿ ಏನೇನು ತಂತ್ರಾಂಶವಿದೆ, ಹೊಸ ತಿದ್ದುಪಡಿ ಮುಟ್ಟಿತೇ ಇಲ್ಲವೇ ಎಂಬುದೆಲ್ಲ ಈ ಸರ್ವರಿನ ಲೆಕ್ಕದಲ್ಲಿರುತ್ತದೆ. ನಾವು ಬಳಸುವುದು ಮೈಕ್ರೋಸಾಫ್ಟ್‌ನವರ ಏರ್ಪಾಡು. 1994ರಲ್ಲಿ ‘ಸಿಸ್ಟಮ್ಸ್ ಮ್ಯಾನೇಜ್‌ಮೆಂಟ್ ಸರ್ವರ್’ ಎಂಬ ಹೆಸರಿನಿಂದ ಹೊರಟದ್ದು, ಈಗ ‘ಕಾನ್ಫಿಗರೇಶನ್ ಮ್ಯಾನೇಜರ್’ ಆಗಿದೆ.

ಲೆಕ್ಕ ತಪ್ಪಿದರೆ ಏನು ಮಹಾ ಎನ್ನಬೇಡಿ. 2017ರ ಮೇ ತಿಂಗಳಿನಲ್ಲಿ ‘ವಾನಾಕ್ರೈ’ ಎಂಬ ಪಿಡುಗು ಲೋಕದ ಗಣಕಯಂತ್ರಗಳನ್ನು ಹಿಡಿದು ಒತ್ತೆಹಣ ಕೇಳಿತು. ಅದಕ್ಕೆ ಬೇಕಾದ ತಿದ್ದುಪಡಿ ಮಾರ್ಚ್ ತಿಂಗಳಲ್ಲೇ ಹೊರಬಂದಿತ್ತು. ಹಚ್ಚಿಕೊಳ್ಳದೆ ಉಳಿದವರು ಸಿಕ್ಕಿಬಿದ್ದರು. ನಮ್ಮ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಯಂತ್ರಗಳೂ ಸಿಕ್ಕಿಬಿದ್ದವು. ಮದ್ದು ಇದ್ದರೆ ಸಾಲದು, ಯಾರಿಗೆ ಕುಡಿಸಿದೆ ಯಾರಿಗೆ ಇಲ್ಲ ಎಂಬ ಪಟ್ಟಿಯೂ ಬೇಕು.

ಇನ್ನು ನನ್ನ ಕಥೆ. 2023ರ ಮಳೆಗಾಲದ ಒಂದು ಶುಕ್ರವಾರ ಸಂಜೆ ಈ ಸರ್ವರ್ ಎದ್ದೇಳಲು ಒಪ್ಪಲಿಲ್ಲ. ಅದನ್ನು ನಡೆಸುವ ಮೂಲ ತಂತ್ರಾಂಶ ಕೆಟ್ಟಿತ್ತು. ಹೊಸದಾಗಿ ಸ್ಥಾಪಿಸಿದರಾಯಿತೆಂದು ನಾನು ಡಿಸ್ಕನ್ನು ಒರೆಸಿ, ಅರ್ಧ ಗಂಟೆಯಲ್ಲಿ ಹೊಚ್ಚ ಹೊಸ ಯಂತ್ರ ಮಾಡಿ ಕೂರಿಸಿದೆ. ಮನೆಗೆ ಹೊರಡಲು ಚೀಲ ಹೆಗಲಿಗೇರಿಸಿದಾಗ ಹೊಳೆಯಿತು: ದಫ್ತರವೂ ಅದೇ ಡಿಸ್ಕಿನಲ್ಲಿತ್ತು! ಚಾವಡಿಗೆ ಸುಣ್ಣ ಬಳಿಯುವ ಭರದಲ್ಲಿ ಶಾನುಭೋಗರ ಕಡತಗಳನ್ನು ಒಲೆಗೆ ಹಾಕಿದ್ದೆ.

ಎದೆ ಧಸಕ್ಕೆಂದಿತು. ಹೊಸ ಲೆಕ್ಕವನ್ನೇ ಆರಂಭಿಸಿಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂಬ ದುರ್ಬುದ್ಧಿಯೂ ಬಂದಿತು. ಗುಂಡಿ ಒತ್ತುವ ಮೊದಲು ವಿಜಯವಾಡದ ಶಾಖೆಯಲ್ಲಿರುವ ತೆಲುಗು ಹುಡುಗಿಯೊಬ್ಬಳಿಗೆ ಫೋನು ಮಾಡಿದೆ. ನನಗಿಂತ ಇಪ್ಪತ್ತು ವರ್ಷ ಕಿರಿಯಳು. “ಆಗಂಡಿ, ಆಗಂಡಿ!” ಎಂದು ಕೂಗಿದಳು.

ಅವಳ ಮಾತು ಸರಿಯಾಗಿತ್ತು. ಇಂಥ ಪ್ರತಿ ಸರ್ವರಿಗೂ ಮೂರಕ್ಷರದ ಒಂದು ಸಂಕೇತವಿರುತ್ತದೆ, ಊರಿನ ಮುದ್ರೆಯಿದ್ದ ಹಾಗೆ. ನಾನೂರು ಯಂತ್ರಗಳೂ ಆ ಮುದ್ರೆಯನ್ನೇ ನಂಬಿರುತ್ತವೆ. ಹೊಸ ಮುದ್ರೆ ಮಾಡಿಸಿದರೆ ಅವು ಹಳೆಯ ಯಜಮಾನನನ್ನೇ ಹುಡುಕುತ್ತ ಕುಳಿತಿರುತ್ತವೆ. ಒಂದೊಂದನ್ನೂ ಮತ್ತೆ ಸೇರಿಸಬೇಕು. ಇಷ್ಟು ವರ್ಷದ ಲೆಕ್ಕವೂ ಹೋಯಿತು. ಹೊಸದನ್ನು ಕಟ್ಟುವುದಲ್ಲ, ಹಳೆಯದನ್ನು ಎಬ್ಬಿಸುವುದೇ ದಾರಿ.

ಎಬ್ಬಿಸಲು ಪ್ರತಿ ಬೇಕಲ್ಲವೆ? ಇತ್ತು, ವಿಜಯವಾಡದಲ್ಲಿತ್ತು. 2014ರ ಅಕ್ಟೋಬರ್ 12ರ ಭಾನುವಾರ ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಹೊಡೆದದ್ದು ಇಲ್ಲಿನ ಕನ್ನಡಿಗರಾರೂ ಮರೆತಿಲ್ಲ. ಮರಗಳುರುಳಿದುವು, ದಿನಗಟ್ಟಲೆ ದೀಪವಿಲ್ಲ, ದೂರವಾಣಿಯಿಲ್ಲ, ವಿಮಾನ ನಿಲ್ದಾಣದ ಛಾವಣಿಯೇ ಹಾರಿತು. ಅದಾದ ಮೇಲೆ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, “ಒಂದು ಪ್ರತಿ ಸಮುದ್ರದಿಂದ ದೂರವಿರಲಿ” ಎಂದು ಹಟಹಿಡಿದು, ಪ್ರತಿ ರಾತ್ರಿಯ ನಕಲನ್ನು ವಿಜಯವಾಡಕ್ಕೆ ಕಳುಹಿಸುವ ಏರ್ಪಾಡು ಮಾಡಿದ್ದರು. ಆಗ ಅವರನ್ನು ಗೇಲಿ ಮಾಡಿದವರಲ್ಲಿ ನಾನೂ ಒಬ್ಬ.

ಶನಿವಾರ ಬೆಳಗಿನಿಂದ ಕೆಲಸ. ಯಂತ್ರಕ್ಕೆ ಅಕ್ಷರ ತಪ್ಪದೆ ಹಳೆಯ ಹೆಸರನ್ನೇ ಇಟ್ಟೆವು. ಡಿಸ್ಕಿನ ಭಾಗಗಳಿಗೂ ದಫ್ತರಕ್ಕೂ ಹಳೆಯ ಹೆಸರುಗಳೇ. ಅದೇ ಆವೃತ್ತಿಯ ತಂತ್ರಾಂಶ, ಅದೇ ಮೂರಕ್ಷರದ ಮುದ್ರೆ. ಸ್ಥಾಪನೆಯ ಕಡತಗಳನ್ನು ಕೂಡ ನಕಲಿನ ಜೊತೆಯಲ್ಲಿದ್ದ ಚೀಲದಿಂದಲೇ ತೆಗೆಯಬೇಕು, ಬೇರೆಡೆಯಿಂದ ತಂದದ್ದು ಆಗದು. ‘ಹೊಸದು’ ಎಂಬುದನ್ನು ಬಿಟ್ಟು ‘ಮರಳಿ ಪಡೆ’ ಎಂಬುದನ್ನು ಆರಿಸಿ, ಕೈಮುಗಿದು ಕುಳಿತೆವು.

ಮಧ್ಯಾಹ್ನದ ಹೊತ್ತಿಗೆ ದಫ್ತರ ತೆರೆದುಕೊಂಡಿತು. ಆದರೆ ಎರಡು ಪಾಠ ಬಾಕಿಯಿದ್ದುವು. ಮೊದಲನೆಯದು, ಯಂತ್ರಗಳಿಗೆ ಹಂಚುವ ತಂತ್ರಾಂಶದ ಕಟ್ಟುಗಳು ಈ ನಕಲಿನೊಳಗೆ ಸೇರಿರುವುದೇ ಇಲ್ಲ. ಅವುಗಳ ಮೂಲ ಬೇರೊಂದು ಯಂತ್ರದಲ್ಲಿದ್ದುದರಿಂದ ಬದುಕಿದೆವು. ಎರಡನೆಯದು, ಮರಳಿ ಎದ್ದ ಸರ್ವರ್ ತಾನು ಬಳಸುವ ಖಾತೆಗಳ ಪಾಸ್‌ವರ್ಡುಗಳನ್ನು ಹೊಸದಾಗಿ ಕೇಳಿತು. ಅವನ್ನು ಬಲ್ಲವರು ಅದೇ ಹಿರಿಯರು. ನಿವೃತ್ತರಾಗಿ ಊರು ಸೇರಿದ್ದರು. ಫೋನಿನಲ್ಲಿ ನಕ್ಕು, “ತಿಜೋರಿಯಲ್ಲಿ ಅರಗು ಹಾಕಿದ ಲಕೋಟೆಯಿದೆ, ನೋಡಯ್ಯ” ಎಂದರು. ಒಂಬತ್ತು ವರ್ಷ ಅದರ ಮೇಲೆ ನಾವು ಬೀಗದ ಕೈಗೊಂಚಲು ಇಡುತ್ತಿದ್ದೆವು!

ಗುರುವಾರ ರಾತ್ರಿಯವರೆಗಿನದು ಬಂದಿತು, ಶುಕ್ರವಾರದ ಕೆಲಸ ಹೋಯಿತು. ಸೋಮವಾರ ಬೆಳಿಗ್ಗೆ ಯಂತ್ರಗಳು ಒಂದೊಂದಾಗಿ ಹಾಜರಿ ಹಾಕುವುದನ್ನು ಕಂಡು, ನಾನೇ ಮೇಲಧಿಕಾರಿಗಳ ಬಳಿ ಹೋಗಿ ನಡೆದುದನ್ನು ನಡೆದಂತೆ ಹೇಳಿದೆ. ಬೈದರು, ಕೆಲಸದಿಂದ ತೆಗೆಯಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. 2024ರ ಸೆಪ್ಟೆಂಬರ್ ಮೊದಲಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್‌ನಗರದ ಕಡೆಯೆಲ್ಲ ದಿನಗಟ್ಟಲೆ ನೀರಿನಲ್ಲಿ ನಿಂತಿತು. ಇಲ್ಲಿ ಗಾಳಿ, ಅಲ್ಲಿ ನೀರು! ಈಗ ಮೂರನೆಯ ಊರಿನಲ್ಲೂ ಒಂದು ಪ್ರತಿಯಿದೆ. ಮೂರು ತಿಂಗಳಿಗೊಮ್ಮೆ ಬೇರೊಂದು ಯಂತ್ರದ ಮೇಲೆ ಅದನ್ನು ಎಬ್ಬಿಸಿ ನೋಡುತ್ತೇವೆ. ಆ ಕೆಲಸ ವಿಜಯವಾಡದ ಹುಡುಗಿಯದು. ಪ್ರತಿ ಇದೆ ಎಂಬುದು ಒಂದು ಮಾತು, ತೆರೆಯುತ್ತದೆ ಎಂಬುದು ಇನ್ನೊಂದು.

ನೀವೂ ಊರು ಬಿಟ್ಟು ಬಂದವರು. ಹೊಲದ ಪತ್ರ, ಮಕ್ಕಳ ಜನನಪತ್ರ, ಮೊಬೈಲಿನಲ್ಲಿ ತುಂಬಿರುವ ಅಜ್ಜಿಯ ಚಿತ್ರಗಳು, ಇವುಗಳ ಇನ್ನೊಂದು ಪ್ರತಿ ಎಲ್ಲಿದೆ? ಬೀಗದ ಕೈ ಎಲ್ಲಿದೆಯೆಂದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತೇ? ಈ ಭಾನುವಾರ ಊಟವಾದ ಮೇಲೆ ಒಮ್ಮೆ ತೆರೆದು ನೋಡಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.